ಹಿಟ್ಟಿನ ಕೋಳಿಯೂ ಪರದೆಯ ಬೇಟೆಯೂ

ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೊ ಆಟಗಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಅವು ಮಕ್ಕಳ ಬುದ್ಧಿಯನ್ನು ಕೆಡಿಸುವ ವಿಷವೆಂದು ಹಿರಿಯರು ಹೇಳುತ್ತಾರೆ. ಅದು ಬರಿಯ ಚಿತ್ರ, ಅಲ್ಲಿ ನಿಜವಾಗಿ ಸಾಯುವವರು ಯಾರೂ ಇಲ್ಲವೆಂದು ಕಿರಿಯರು ಉತ್ತರಿಸುತ್ತಾರೆ. ಮೊದಲನೆಯವರಲ್ಲಿ ಬಹುಮಂದಿ ಆ ಆಟಗಳನ್ನು ಆಡಿ ನೋಡಿದವರಲ್ಲ. ಎರಡನೆಯವರಲ್ಲಿ ಬಹುಮಂದಿ ಆಡುವಾಗ ತಮ್ಮ ಮನಸ್ಸನ್ನು ನೋಡಿಕೊಂಡವರಲ್ಲ. ಓದದೆ ಗ್ರಂಥವನ್ನು ವಿಮರ್ಶಿಸುವುದು ಹೇಗೆ ಅನುಚಿತವೋ ಆಡದೆ ಆಟವನ್ನು ವಿಮರ್ಶಿಸುವುದೂ ಹಾಗೆಯೇ ಅನುಚಿತ. ಈ ಲೇಖಕನು ವ್ಯಾಪಾರಸ್ಥ, ಓದಿದ್ದು ಬಿ.ಕಾಂ.; ವಯಸ್ಸು ಅರವತ್ತನ್ನು ದಾಟಿದೆ. ಆದರೂ ಮಗನ ಬಾಲ್ಯದಲ್ಲಿ ಮನೆಗೆ ಬಂದ ಮೊದಲ ಆಟದ ಪೆಟ್ಟಿಗೆಯಿಂದ ಹಿಡಿದು ಮೊಮ್ಮಗನ ಇಂದಿನ ಪ್ಲೇಸ್ಟೇಷನ್‌ವರೆಗೆ, ಅಂಗಡಿಯ ಬಾಗಿಲು ಹಾಕಿ ಬಂದ ಮೇಲೆ ಕುಳಿತು ಆಡಿದ ಅಭ್ಯಾಸ ನನಗುಂಟು. ಆ ಅನುಭವವನ್ನು ಆಧಾರವಾಗಿಟ್ಟುಕೊಂಡು ಈ ಆಟಗಳ ಗುಣದೋಷಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವಸ್ತುವಿನ ಪರಿಚಯ. ಕನ್ಸೋಲ್ ಎಂದರೆ ಟಿ.ವಿ.ಗೆ ತಂತಿಯಿಂದ ಜೋಡಿಸುವ, ಆಟಕ್ಕೆಂದೇ ಮಾಡಿದ ಒಂದು ಸಣ್ಣ ಗಣಕಯಂತ್ರ. ಜಪಾನಿನ ನಿಂಟೆಂಡೊ ಸಂಸ್ಥೆ ೧೯೮೩ರಲ್ಲಿ ತನ್ನ ದೇಶದಲ್ಲಿ ಬಿಡುಗಡೆ ಮಾಡಿದ ಫ್ಯಾಮಿಲಿ ಕಂಪ್ಯೂಟರ್ ಎಂಬ ಯಂತ್ರವು ಈ ಬಗೆಯ ಆಟವನ್ನು ಮನೆಮನೆಗೆ ತಂದಿತು. ತೊಂಬತ್ತರ ದಶಕದಲ್ಲಿ ದಾವಣಗೆರೆ, ಹರಿಹರಗಳಲ್ಲಿ ನಾವು ಕಂಡದ್ದು ಆ ಅಸಲು ಯಂತ್ರವನ್ನಲ್ಲ, ಅಗ್ಗದ ಬೆಲೆಗೆ ದೊರೆಯುತ್ತಿದ್ದ ಅದರ ನಕಲುಗಳನ್ನು. ಒಂದು ಪೆಟ್ಟಿಗೆ, ಎರಡು ರಿಮೋಟ್, ಮೇಲಿನಿಂದ ಒತ್ತಿ ಕೂರಿಸುವ ಬಣ್ಣದ ಕ್ಯಾಸೆಟ್. ಇಷ್ಟೇ ಅದರ ಸರಂಜಾಮು. ಹರಿಹರದ ಕಾರ್ಖಾನೆಯ ವಸತಿಗೃಹಗಳಲ್ಲಿದ್ದ ನಮ್ಮ ಬಂಧುಗಳ ಮಕ್ಕಳು ಬೇಸಿಗೆಯ ರಜೆಗೆ ದಾವಣಗೆರೆಗೆ ಬಂದರೆ ಚಿನ್ನಿದಾಂಡನ್ನು ಮರೆತು ಈ ಪೆಟ್ಟಿಗೆಯ ಮುಂದೆ ಸಾಲಾಗಿ ಕುಳಿತುಬಿಡುತ್ತಿದ್ದರು. ಮಂಡಕ್ಕಿಯ ತಟ್ಟೆ ಪಕ್ಕದಲ್ಲಿ ಮೆತ್ತಗಾಗುತ್ತಿದ್ದರೂ ಅವರಿಗೆ ಪರಿವೆ ಇರುತ್ತಿರಲಿಲ್ಲ.

ಆ ಹಳೆಯ ಆಟಗಳಲ್ಲಿ ನಾಲ್ಕನ್ನು ಮಾದರಿಯಾಗಿ ತೆಗೆದುಕೊಳ್ಳಬಹುದು. ೧೯೮೪ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್ನೊವ್ ರೂಪಿಸಿದ ಟೆಟ್ರಿಸ್ ಎಂಬ ಆಟದಲ್ಲಿ ಮೇಲಿನಿಂದ ಬೀಳುವ ತುಂಡುಗಳನ್ನು ಸಂದಿಲ್ಲದಂತೆ ಜೋಡಿಸಬೇಕು. ಗೋದಾಮಿನಲ್ಲಿ ಮೂಟೆ ಜೋಡಿಸಿದವರಿಗೆ ಅದರ ಸೊಗಸು ಒಡನೆಯೇ ತಿಳಿಯುತ್ತದೆ. ೧೯೮೫ರ ಸೂಪರ್ ಮಾರಿಯೊದಲ್ಲಿ ಮೂವತ್ತೆರಡು ಘಟ್ಟಗಳಿವೆ. ಎದುರಾದ ಪ್ರಾಣಿಯನ್ನು ತುಳಿಯಬಹುದು. ಆದರೆ ಅನೇಕ ಕಡೆ ಹಾರಿ ದಾಟಿ ಮುಂದೆ ಹೋಗಲೂಬಹುದು. ಅದೇ ವರ್ಷದ ಬ್ಯಾಟಲ್ ಸಿಟಿಯನ್ನು ನಮ್ಮ ಹುಡುಗರು ‘ಟ್ಯಾಂಕ್ ಆಟ’ ಎನ್ನುತ್ತಿದ್ದರು. ಇಟ್ಟಿಗೆಯ ಗೋಡೆಯ ನಡುವೆ ಇರುವ ತನ್ನ ಹದ್ದಿನ ಲಾಂಛನವನ್ನು ಶತ್ರುಗಳ ಟ್ಯಾಂಕುಗಳಿಂದ ಕಾಪಾಡುವುದು ಅಲ್ಲಿನ ಕೆಲಸ. ವಿಶೇಷವೆಂದರೆ ಆಟಗಾರನ ಸ್ವಂತ ಗುಂಡು ತಾಗಿದರೂ ಆ ಲಾಂಛನ ಒಡೆದು ಆಟ ಮುಗಿಯುತ್ತದೆ. ಗಾಬರಿಯಲ್ಲಿ ತಮ್ಮ ಮನೆಯನ್ನು ತಾವೇ ಒಡೆದುಕೊಂಡು ಸೋತ ಹುಡುಗರನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಪ್ರಮಾದವೇ ಅನರ್ಥದ ಮೂಲವೆಂದು ಪ್ರವಚನದಲ್ಲಿ ಎಷ್ಟು ಸಲ ಕೇಳಿದರೂ ಮನಸ್ಸಿಗೆ ಹತ್ತದ ಮಾತು ಅಲ್ಲಿ ಅರ್ಧ ನಿಮಿಷದಲ್ಲಿ ಹತ್ತುತ್ತಿತ್ತು. ನಾಲ್ಕನೆಯದು ೧೯೮೮ರಲ್ಲಿ ಈ ಯಂತ್ರಕ್ಕೆ ಬಂದ ಕಾಂಟ್ರಾ. ಇಬ್ಬರು ಗೆಳೆಯರು ಬಂದೂಕು ಹಿಡಿದು ಎಂಟು ಘಟ್ಟಗಳನ್ನು ದಾಟಬೇಕು. ಒಂದೇ ಗುಂಡು ತಾಗಿದರೂ ಒಂದು ಪ್ರಾಣ ಹೋಯಿತು. ಮೂರು ಪ್ರಾಣಗಳನ್ನು ಮೂವತ್ತು ಮಾಡಿಕೊಳ್ಳುವ ಗುಟ್ಟಿನ ಗುಂಡಿಗಳ ಕ್ರಮವನ್ನು ಮಕ್ಕಳು ಮಂತ್ರದಂತೆ ಕಂಠಪಾಠ ಮಾಡಿದ್ದರು.

ಈ ಕ್ಯಾಸೆಟ್ಟುಗಳ ಒಂದು ದೋಷವನ್ನು ವ್ಯಾಪಾರಿಯಾಗಿ ಹೇಳದೆ ಇರಲಾಗದು. ಮೇಲೆ ಅಂಟಿಸಿದ ಚೀಟಿಯಲ್ಲಿ ಸಾವಿರ ಆಟ, ಲಕ್ಷ ಆಟ, ಕೆಲವೊಮ್ಮೆ ಒಂಬತ್ತರ ಅಂಕಿಗಳನ್ನೇ ಸಾಲಾಗಿ ಬರೆದ ಲೆಕ್ಕ ಇರುತ್ತಿತ್ತು. ಒಳಗೆ ನೋಡಿದರೆ ಇದ್ದದ್ದು ಬೆರಳೆಣಿಕೆಯ ಆಟಗಳು. ಅವುಗಳನ್ನೇ ಬೇರೆ ಹೆಸರಿನಲ್ಲಿ, ಬೇರೆ ಘಟ್ಟದಿಂದ ಆರಂಭವಾಗುವಂತೆ ಮಾಡಿ ಪಟ್ಟಿಯನ್ನು ಉದ್ದ ಮಾಡಿದ್ದರು. ತೂಕದಲ್ಲಿ, ಅಳತೆಯಲ್ಲಿ ಮೋಸ ಮಾಡುವುದನ್ನು ಅಚೌರ್ಯ ವ್ರತದ ಅತಿಚಾರವೆಂದು ನಮ್ಮ ಶ್ರಾವಕಾಚಾರ ಎಣಿಸುತ್ತದೆ. ಆ ಕ್ಯಾಸೆಟ್ಟಿನ ಚೀಟಿ ಅದಕ್ಕೆ ತಕ್ಕ ಉದಾಹರಣೆ. ಆದರೂ ಆ ಮೋಸಕ್ಕೆ ಒಂದು ಮಿತಿ ಇತ್ತು: ಒಮ್ಮೆ ಹಣ ಕೊಟ್ಟರೆ ಮುಗಿಯಿತು; ವಸ್ತು ನಮ್ಮದು. ಇಂದಿನ ಆಟಗಳ ಹಣದ ವಿಚಾರಕ್ಕೆ ಮುಂದೆ ಬರುತ್ತೇನೆ.

ಈ ಆಟಗಳ ನಿಜವಾದ ಗುಣ ಯಾವುದು? ನಮ್ಮ ನಾಡಿನ ಒಂದು ಹಳೆಯ ಆಟದೊಡನೆ ಹೋಲಿಸಿದರೆ ಅದು ಸ್ಪಷ್ಟವಾಗುತ್ತದೆ. ಇಂದು ಮಕ್ಕಳು ಹಾವು ಏಣಿ ಎಂದು ಕರೆಯುವ ಆಟ ಹಿಂದೆ ಜ್ಞಾನ ಚೌಪಡ ಎಂಬ ಧಾರ್ಮಿಕ ಪಟವಾಗಿತ್ತು. ಅದರ ಜೈನ ಪಟಗಳಲ್ಲಿ ಸಾಮಾನ್ಯವಾಗಿ ಎಂಬತ್ತನಾಲ್ಕು ಮನೆಗಳಿದ್ದು, ಸದ್ಗುಣಗಳ ಮನೆಯಿಂದ ಏಣಿಯೂ ದುರ್ಗುಣಗಳ ಮನೆಯಿಂದ ಹಾವೂ ಹೊರಡುತ್ತಿದ್ದವು, ತುದಿಯಲ್ಲಿ ಮೋಕ್ಷ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋದ ಆ ಪಟ ಕಾಲಕ್ರಮದಲ್ಲಿ ತನ್ನ ತತ್ತ್ವವನ್ನು ಕಳೆದುಕೊಂಡು ಬರಿಯ ಮಕ್ಕಳ ಆಟವಾಯಿತು. ಮೂಲಪಟದ ಮೇಲೆ ನಮಗೆ ಗೌರವವಿದೆ. ಆದರೆ ಆಟವಾಗಿ ನೋಡಿದರೆ ಅದರಲ್ಲಿ ಒಂದು ಕೊರತೆ ಉಂಟು. ಅಲ್ಲಿ ಏಣಿ ಹತ್ತಿಸುವುದೂ ಹಾವಿನ ಬಾಯಿಗೆ ತಳ್ಳುವುದೂ ದಾಳವೇ ಹೊರತು ಆಡುವವನಲ್ಲ. ದಯೆಯ ಮನೆಗೆ ಬಂದವನು ದಯೆ ತೋರಿ ಬಂದವನಲ್ಲ. ನಾಲ್ಕು ಬಿದ್ದದ್ದರಿಂದ ಬಂದವನು. ವಿಡಿಯೊ ಆಟದಲ್ಲಿ ಪುರುಷಾರ್ಥಕ್ಕೆ ಎಡೆಯಿದೆ. ಸೋಲಿಗೆ ಕಾರಣ ತನ್ನ ಕೈ, ಗೆಲುವಿಗೂ ಕಾರಣ ತನ್ನ ಕೈ. ನೂರು ಸಲ ಬಿದ್ದು ನೂರ ಒಂದನೆಯ ಸಲ ಹಳ್ಳ ದಾಟಿದ ಹುಡುಗನು ಅಭ್ಯಾಸವೆಂದರೆ ಏನೆಂದು ಕಲಿತಿರುತ್ತಾನೆ. ಈ ಗುಣವನ್ನು ಒಪ್ಪದೆ ಆಟಗಳನ್ನು ನಿಂದಿಸುವುದು ನ್ಯಾಯವಲ್ಲ. ಆದರೆ ಕೈಗೆ ಸ್ವಾತಂತ್ರ್ಯ ಬಂದೊಡನೆ ಹೊಣೆಯೂ ಬಂದಿತು. ದಾಳದ ಆಟದಲ್ಲಿ ಕೇಳಬೇಕಾಗಿಲ್ಲದ ಪ್ರಶ್ನೆಯನ್ನು ಇಲ್ಲಿ ಕೇಳಲೇಬೇಕು: ಈ ಕೈ ಏನನ್ನು ಅಭ್ಯಾಸ ಮಾಡುತ್ತಿದೆ?

ಈ ಪ್ರಶ್ನೆಯನ್ನು ನಾನು ಎತ್ತಿದಾಗ ನನ್ನ ಮೊಮ್ಮಗ ಕೇಳಿದ ಮರುಪ್ರಶ್ನೆ ಚಿಕ್ಕದು: “ಅಜ್ಜಾ, ಇದ್ರಾಗ ಜೀವಾನೇ ಇಲ್ಲಲ್ಲ, ಪಾಪ ಹೆಂಗ್ ಬರ್ತೈತಿ?” ಹದಿಮೂರು ವರ್ಷದ ಹುಡುಗನ ಈ ಮಾತನ್ನು ಗದರಿಸಿ ಬಾಯಿ ಮುಚ್ಚಿಸಬಹುದು, ಆದರೆ ಗದರಿಕೆ ಉತ್ತರವಲ್ಲ. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಇಂಥ ಪ್ರಶ್ನೆ ಕೇಳಿ, ಉತ್ತರ ಸಿಗದೆ, ಹಿರಿಯರ ಬಳಿ ಹೇಳಲು ಏನೂ ಇಲ್ಲವೆಂದು ತೀರ್ಮಾನಿಸುತ್ತಿದ್ದಾರೆ. ಅಹಿಂಸೆಯನ್ನು ಊಟದ ತಟ್ಟೆಗಷ್ಟೇ ಸೀಮಿತವಾದ ನಿಯಮವೆಂದು ತಿಳಿದು ಬೆಳೆಯುವ ಅಪಾಯ ಇದರಲ್ಲಿದೆ. ಆಟದ ಪೆಟ್ಟಿಗೆಗಿಂತ ಈ ಅಪಾಯ ದೊಡ್ಡದು.

ಉತ್ತರ ನಮ್ಮ ಸಾಹಿತ್ಯದಲ್ಲಿಯೇ ಇದೆ. ಹೊಯ್ಸಳರ ಕಾಲದ ಜನ್ನಕವಿ ಕ್ರಿ.ಶ. ೧೨೦೯ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ವಾಚಕರಿಗೆ ತಿಳಿದದ್ದೇ. ದುಃಸ್ವಪ್ನದ ಶಾಂತಿಗಾಗಿ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಹೇಳುತ್ತಾಳೆ, ಯಶೋಧರ ಒಪ್ಪುವುದಿಲ್ಲ. ಕೊನೆಗೆ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡಲು ಒಪ್ಪಿಕೊಳ್ಳುತ್ತಾನೆ. ಆ ಕೋಳಿಯನ್ನು ಬಣ್ಣ ತುಂಬಿ ಜೀವಂತವೆಂಬಂತೆ ಮಾಡುತ್ತಾರೆ; ಕತ್ತಿ ಬಿದ್ದಾಗ ಅದು ಕೂಗುತ್ತದೆ. ಮುಂದೆ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಚಂದ್ರಮತಿಯ ವಾದವೂ ನನ್ನ ಮೊಮ್ಮಗನ ವಾದವೂ ಒಂದೇ: ಜೀವವಿಲ್ಲದ್ದನ್ನು ಕೊಂದರೆ ಹಿಂಸೆಯೆಲ್ಲಿ? ಹಿಂಸೆ ಕತ್ತಿಯ ಅಂಚಿನಲ್ಲಿ ಹುಟ್ಟುವುದಲ್ಲ, ಸಂಕಲ್ಪದಲ್ಲಿ ಹುಟ್ಟುವುದು ಎಂಬುದು ಆ ಕಥೆಯ ಉತ್ತರ.

ಆದರೆ ಈ ಉತ್ತರವನ್ನು ಎಲ್ಲ ಆಟಗಳ ಮೇಲೂ ಒಂದೇ ಸಮನೆ ಹೇರಿದರೆ ಅನ್ಯಾಯವಾಗುತ್ತದೆ. ಚೌಕಾಬಾರದಲ್ಲಿ ನಾವು ಎದುರಾಳಿಯ ಕಾಯಿ ‘ಕಡಿಯುತ್ತೇವೆ’. ಚದುರಂಗದಲ್ಲಿ ಆನೆ ಕುದುರೆಗಳನ್ನು ‘ಹೊಡೆಯುತ್ತೇವೆ’. ಮಾತಿನಲ್ಲಿ ಕೊಲೆಯಿದ್ದರೂ ಮನಸ್ಸಿನಲ್ಲಿಲ್ಲ. ಅಲ್ಲಿ ಮನಸ್ಸು ನೆಟ್ಟಿರುವುದು ಲೆಕ್ಕದ ಮೇಲೆ. ಆದ್ದರಿಂದ ವಿಮರ್ಶಕನು ನೋಡಬೇಕಾದದ್ದು ಪರದೆಯ ಮೇಲೆ ಎಷ್ಟು ಮಂದಿ ಸತ್ತರೆಂಬುದನ್ನಲ್ಲ. ಆ ಸಾವಿನಲ್ಲಿ ಆಟಗಾರನ ಮನಸ್ಸು ರುಚಿ ಕಾಣುವಂತೆ ಆಟವನ್ನು ಕಟ್ಟಿದ್ದಾರೆಯೇ ಎಂಬುದನ್ನು. ಕಾಂಟ್ರಾದ ಶತ್ರು ಚದುರಂಗದ ಕಾಯಿಗೆ ಹತ್ತಿರದವನು. ಒಂದು ಕಿಡಿ ಹೊತ್ತಿ ಮಾಯವಾಗುತ್ತಾನೆ. ಅವನಿಗೆ ಮುಖವಿಲ್ಲ, ನರಳಾಟವಿಲ್ಲ. ಅಲ್ಲಿನ ಕೋಳಿ ಇನ್ನೂ ಹಿಟ್ಟೇ. ಮುಂದಿನ ಮೂವತ್ತು ವರ್ಷಗಳಲ್ಲಿ ಯಂತ್ರದ ಶಕ್ತಿ ಬೆಳೆದಂತೆಲ್ಲ ಆ ಹಿಟ್ಟಿಗೆ ಬಣ್ಣ ಬಂದಿತು, ಕಣ್ಣು ಬಂದಿತು, ಕೊನೆಗೆ ಕೂಗೂ ಬಂದಿತು. ಚಿತ್ರವು ಜೀವವನ್ನು ಹೋಲಿದಷ್ಟೂ “ಇದು ಬರಿಯ ಚಿತ್ರ” ಎಂಬ ಸಮಾಧಾನ ದುರ್ಬಲವಾಗುತ್ತದೆ. ಆಟಗಳ ತಾಂತ್ರಿಕ ಪ್ರಗತಿಯನ್ನು ಹೊಗಳುವವರು ಈ ಸತ್ಯವನ್ನು ಗಮನಿಸುವುದು ಕಡಿಮೆ.

೨೦೦೨ರಲ್ಲಿ ಪ್ಲೇಸ್ಟೇಷನ್ ೨ಕ್ಕೆ ಬಂದ ಗ್ರ್ಯಾಂಡ್ ಥೆಫ್ಟ್ ಆಟೊ: ವೈಸ್ ಸಿಟಿ ಎಂಬ ಆಟವನ್ನು ಈ ಅಳತೆಗೋಲಿಗೆ ಹಿಡಿಯೋಣ. ಅದರ ಗುಣ ವಿಶಾಲತೆ: ಒಂದು ಇಡೀ ನಗರ, ಹಗಲು ರಾತ್ರಿ, ಮಳೆ, ಸಮುದ್ರದ ದಂಡೆ, ಎತ್ತ ಬೇಕಾದರೂ ಹೋಗಬಹುದು. ಆದರೆ ಆ ವಿಶಾಲ ನಗರದಲ್ಲಿ ಮಾಡಲು ಇರುವ ಕೆಲಸಗಳು ಬಹುಮಟ್ಟಿಗೆ ಕಳವು, ಸುಲಿಗೆ, ಕೊಲೆ. ದಾರಿಹೋಕನನ್ನು ಹೊಡೆದರೆ ಅವನು ಚೀರುತ್ತಾನೆ, ಬಿದ್ದಲ್ಲಿ ಹಣ ಉದುರುತ್ತದೆ. ಅವನು ಆಟದ ಲೆಕ್ಕಾಚಾರದಲ್ಲಿ ಅಡ್ಡಿಯೂ ಅಲ್ಲ, ಶತ್ರುವೂ ಅಲ್ಲ. ಸುಮ್ಮನೆ ನಡೆದು ಹೋಗುತ್ತಿದ್ದವನು. ನಮ್ಮ ಶಾಸ್ತ್ರ ಅನರ್ಥದಂಡವೆಂದು ಕರೆಯುವ ನಿಷ್ಪ್ರಯೋಜಕ ಪಾಪದ ಚಿತ್ರ ಇದು. ಸ್ವಾತಂತ್ರ್ಯವನ್ನು ಇಷ್ಟು ದೊಡ್ಡದಾಗಿ ಕಟ್ಟಿ, ಅದರ ಬಳಕೆಯನ್ನು ಇಷ್ಟು ಸಣ್ಣದಾಗಿಸಿದ್ದು ನೀತಿಯ ದೋಷವಷ್ಟೇ ಅಲ್ಲ, ಕಲ್ಪನೆಯ ದೋಷವೂ ಹೌದು.

ಅದೇ ರಾಕ್‌ಸ್ಟಾರ್ ಸಂಸ್ಥೆ ೨೦೧೮ರಲ್ಲಿ ಹೊರತಂದ ರೆಡ್ ಡೆಡ್ ರಿಡೆಂಪ್ಷನ್ ೨ ಹೆಚ್ಚು ಗಂಭೀರವಾದ ಕೃತಿ. ಇದು ಕನ್ನಡ ನಾಡಿಗೂ ದೂರದ ಮಾತಲ್ಲ. ಈ ಸಂಸ್ಥೆಯ ಒಂದು ಶಾಖೆ ಬೆಂಗಳೂರಿನಲ್ಲಿದ್ದು ಆ ಆಟದ ನಿರ್ಮಾಣದಲ್ಲಿ ಕೈಗೂಡಿಸಿತ್ತು. ೧೯೯೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಧ್ರುವ ಇಂಟರ್‌ಆಕ್ಟಿವ್ ಎಂಬ ಹಿರಿಯ ಸಂಸ್ಥೆಯನ್ನೂ ರಾಕ್‌ಸ್ಟಾರ್ ೨೦೧೯ರಲ್ಲಿ ಕೊಂಡುಕೊಂಡಿತು. ಈ ಆಟದಲ್ಲಿ ಬೆಟ್ಟ, ಮಂಜು, ಕುದುರೆಯ ನಡಿಗೆ, ಎಲ್ಲವೂ ಕಣ್ಣು ಕಟ್ಟುವಂತಿವೆ. ನಾಯಕನ ನಡತೆಯನ್ನು ಅಳೆಯುವ ಗೌರವದ ಪಟ್ಟಿಯೊಂದು ಇದೆ: ಕೆಡುಕಿಗೆ ಇಳಿಯುತ್ತದೆ, ಒಳಿತಿಗೆ ಏರುತ್ತದೆ. ಮೊದಲು ನೋಡಿದಾಗ ಸಂತೋಷವಾಯಿತು. ಆದರೆ ಲೆಕ್ಕ ಬರೆದು ಬದುಕಿದವನ ಕಣ್ಣಿಗೆ ಅದರ ತೊಡಕು ಬೇಗ ಬಿದ್ದಿತು. ಒಬ್ಬನನ್ನು ಕೊಂದು ಇಳಿದ ಗೌರವವನ್ನು, ಪೇಟೆಯಲ್ಲಿ ಎದುರಾದವರಿಗೆಲ್ಲ ನಮಸ್ಕಾರ ಹೇಳುತ್ತ, ಹಿಡಿದ ಮೀನನ್ನು ನೀರಿಗೆ ಬಿಡುತ್ತ ಮರಳಿ ಏರಿಸಿಕೊಳ್ಳಬಹುದು. ಕೊಲೆ ಖರ್ಚಿನ ಕಲಮಿನಲ್ಲಿ, ನಮಸ್ಕಾರ ಜಮೆಯ ಕಲಮಿನಲ್ಲಿ. ಕೊನೆಗೆ ಬಾಕಿ ಸರಿಹೋಯಿತು. ಕರ್ಮಸಿದ್ಧಾಂತದಲ್ಲಿ ಪುಣ್ಯ ಪಾಪಗಳು ಹೀಗೆ ಒಂದೇ ಖಾತೆಯಲ್ಲಿ ವಜಾ ಆಗುವುದಿಲ್ಲ. ಎರಡರ ಫಲವೂ ಬೇರೆಬೇರೆಯಾಗಿ ಅನುಭವಿಸಬೇಕಾದದ್ದು. ಧರ್ಮಶಾಲೆ ಕಟ್ಟಿಸಿ ಕಪ್ಪುಲೆಕ್ಕವನ್ನು ಬಿಳಿ ಮಾಡಿಕೊಳ್ಳಬಹುದೆಂದು ನಂಬುವ ವ್ಯಾಪಾರಿಗಳು ನಮ್ಮಲ್ಲಿಯೂ ಇರುವುದರಿಂದ ಈ ದೋಷವನ್ನು ಅಮೆರಿಕೆಯ ಆಟವೊಂದಕ್ಕೆ ಮಾತ್ರ ಹೊರಿಸಲಾರೆ. ಇನ್ನು ಆ ಆಟದ ಬೇಟೆ: ಕೊಂದ ಪ್ರಾಣಿಯ ಚರ್ಮವನ್ನು ಸುಲಿಯುವುದನ್ನು ನಿಧಾನವಾಗಿ, ವಿವರವಾಗಿ ತೋರಿಸುತ್ತಾರೆ, ಒಳ್ಳೆಯ ಚೀಲ ಬೇಕಾದರೆ ಒಳ್ಳೆಯ ಚರ್ಮ ತರಬೇಕು. ಸಪ್ತವ್ಯಸನಗಳಲ್ಲಿ ಬೇಟೆಯನ್ನು ಎಣಿಸಿದ ಹಿರಿಯರ ಅಭಿಪ್ರಾಯ ನನಗೆ ಅಲ್ಲಿ ಪೂರ್ಣವಾಗಿ ಅರ್ಥವಾಯಿತು. ಮೊದಲ ಜಿಂಕೆಗೆ ಅಳುಕಿದ ಕೈ ಹತ್ತನೆಯದಕ್ಕೆ ಅಳುಕುವುದಿಲ್ಲ.

ಇದಕ್ಕೆ ವಿರುದ್ಧವಾದ ದಾರಿ ಹಿಡಿದ ಆಟಗಳೂ ಇವೆಯೆಂಬುದನ್ನು ಹಿರಿಯರು ತಿಳಿಯಬೇಕು. ೨೦೦೫ರಲ್ಲಿ ಜಪಾನಿನ ಫುಮಿಟೊ ಉಎಡಾ ನಿರ್ದೇಶಿಸಿದ ಶ್ಯಾಡೊ ಆಫ್ ದ ಕೊಲಾಸಸ್ ಅವುಗಳಲ್ಲಿ ಮುಖ್ಯವಾದುದು. ಸತ್ತ ಹುಡುಗಿಯೊಬ್ಬಳನ್ನು ಬದುಕಿಸುವ ಆಸೆಯಿಂದ ಒಬ್ಬ ಯುವಕ ಹದಿನಾರು ಮಹಾಕಾಯ ಜೀವಿಗಳನ್ನು ಒಂದೊಂದಾಗಿ ಕೊಲ್ಲುತ್ತಾನೆ. ಅವುಗಳಲ್ಲಿ ಕೆಲವು ತಾವಾಗಿ ಯಾರ ತಂಟೆಗೂ ಬರುವಂಥವಲ್ಲ. ಪ್ರತಿಯೊಂದು ಬಿದ್ದಾಗಲೂ ವಿಜಯದ ಕಹಳೆಯ ಬದಲು ಶೋಕದ ಸಂಗೀತ ಕೇಳುತ್ತದೆ. ಅದರ ದೇಹದಿಂದ ಕಪ್ಪು ಎಳೆಗಳು ಹೊರಟು ಕೊಂದವನ ದೇಹವನ್ನು ಹೊಗುತ್ತವೆ. ಆಟ ಸಾಗಿದಂತೆ ಅವನ ಮುಖ ಕಳೆಗುಂದುತ್ತದೆ. ಕರ್ಮಪುದ್ಗಲಗಳು ಆತ್ಮಕ್ಕೆ ಹರಿದು ಬರುವ ಆಸ್ರವವನ್ನು ಕಣ್ಣಿಗೆ ಕಾಣುವಂತೆ ಚಿತ್ರಿಸೆಂದು ಹೇಳಿದರೆ ನಮ್ಮ ಚಿತ್ರಕಾರರು ಇದಕ್ಕಿಂತ ಚೆನ್ನಾಗಿ ಚಿತ್ರಿಸುವುದು ಕಷ್ಟ. ಜಿನಧರ್ಮದ ಹಂಗಿಲ್ಲದ ಕಲಾವಿದನೊಬ್ಬನಿಗೆ ಈ ದರ್ಶನ ದೊರೆತದ್ದು ಗಮನಾರ್ಹ. ಆದರೂ ಆಟದಲ್ಲಿ ಒಂದು ಕೊರತೆ ಉಳಿಯುತ್ತದೆ: ಕೊಲ್ಲದೆ ಮುಂದೆ ಹೋಗುವ ದಾರಿ ಇಲ್ಲ. ಪಶ್ಚಾತ್ತಾಪ ಉಂಟಾದವನಿಗೆ ಉಳಿದಿರುವುದು ಯಂತ್ರವನ್ನು ಆರಿಸುವ ದಾರಿಯೊಂದೇ.

ಆ ಕೊರತೆಯನ್ನು ತುಂಬಿದ್ದು ಅಮೆರಿಕೆಯ ಟೋಬಿ ಫಾಕ್ಸ್ ೨೦೧೫ರಲ್ಲಿ ಕಂಪ್ಯೂಟರಿಗಾಗಿ ರಚಿಸಿ, ೨೦೧೭ರಲ್ಲಿ ಪ್ಲೇಸ್ಟೇಷನ್ನಿಗೂ ಮರುವರ್ಷ ನಿಂಟೆಂಡೊ ಸ್ವಿಚ್ಚಿಗೂ ಬಂದ ಅಂಡರ್‌ಟೇಲ್. ಅದರ ಚಿತ್ರಗಳು ನಮ್ಮ ಹಳೆಯ ಕ್ಯಾಸೆಟ್ಟಿನ ಆಟಗಳಷ್ಟೇ ಸರಳ. ಎದುರಾದ ಪ್ರತಿಯೊಂದು ಪ್ರಾಣಿಯನ್ನೂ ಹೊಡೆಯಬಹುದು, ಇಲ್ಲವೆ ಮಾತಾಡಿಸಿ, ಸಮಾಧಾನಪಡಿಸಿ, ಕ್ಷಮಿಸಿ ಬಿಡಬಹುದು. ಒಂದು ಪ್ರಾಣಿಯನ್ನೂ ಕೊಲ್ಲದೆ ಆಟವನ್ನು ಮುಗಿಸಲು ಸಾಧ್ಯ. ಇತರ ಆಟಗಳಲ್ಲಿ ಅನುಭವ ಎಂಬ ಹೆಸರಿನಿಂದ ಏರುವ ಅಂಕಿಯು ಇಲ್ಲಿ ಕೊಲೆಗಳ ಲೆಕ್ಕವೆಂದು ಕೊನೆಯಲ್ಲಿ ತಿಳಿಯುತ್ತದೆ. ಎಲ್ಲರನ್ನೂ ಕೊಂದು ಮುಗಿಸಿದವನು ಆಟವನ್ನು ಹೊಸದಾಗಿ ಆರಂಭಿಸಿ ಸಜ್ಜನನಾಗಿ ಆಡಿದರೂ ಹಿಂದಿನ ಕಳಂಕ ಕೊನೆಯ ದೃಶ್ಯದಲ್ಲಿ ಇಣುಕುತ್ತದೆ. ಜನ್ಮ ಬದಲಾದರೂ ಬಂಧ ಬಿಡಲಿಲ್ಲ! ಇದರ ದೋಷವನ್ನೂ ಹೇಳಬೇಕು. ಕೊಲ್ಲದ ದಾರಿಯಲ್ಲಿ ಕೆಲವು ಕಾಳಗಗಳು ದೀರ್ಘವಾಗಿ, ಬೆರಳುಗಳ ಚುರುಕನ್ನೇ ಬೇಡುತ್ತವೆ. ನನ್ನ ವಯಸ್ಸಿನವರಿಗೆ ಅದು ತಪಸ್ಸೇ ಸರಿ. ಹಾಸ್ಯವು ಕೆಲವೆಡೆ ಅತಿಯಾಗಿದೆ. ಆದರೆ ಅಹಿಂಸೆಯೆಂದರೆ ಸುಲಭವಾದ ದಾರಿಯಲ್ಲ, ಹೆಚ್ಚು ಸಾಮರ್ಥ್ಯ ಬೇಡುವ ದಾರಿ ಎಂಬುದನ್ನು ಮಾತಿನಲ್ಲಿ ಹೇಳದೆ ಬೆರಳುಗಳಿಗೆ ಕಲಿಸಿದ ಆಟವೆಂದರೆ ನನ್ನ ಅನುಭವದಲ್ಲಿ ಇದೊಂದೇ. ೨೦೧೨ರ ಜರ್ನಿಯನ್ನೂ ಇದರ ಪಕ್ಕದಲ್ಲಿಡಬಹುದು: ಅದರಲ್ಲಿ ಆಯುಧವೇ ಇಲ್ಲ. ಮರಳುಗಾಡಿನಲ್ಲಿ ದೂರದ ಪರ್ವತದತ್ತ ನಡೆಯುವಾಗ ಎಲ್ಲಿಯದೋ ದೇಶದ ಮತ್ತೊಬ್ಬ ಆಟಗಾರ ಜೊತೆಯಾಗುತ್ತಾನೆ. ಮಾತಿಲ್ಲ, ಒಂದು ನಾದ ಮಾತ್ರ. ಅವನ ಹೆಸರು ತಿಳಿಯುವುದು ಎಲ್ಲ ಮುಗಿದ ಮೇಲೆ. ಅಪರಿಚಿತನಿಂದ ಲಾಭವನ್ನೂ ಪಡೆಯದೆ, ನಷ್ಟವನ್ನೂ ಮಾಡದೆ ಜೊತೆ ನಡೆಯುವುದೇ ಆನಂದವೆಂಬುದು ಅಲ್ಲಿ ತಿಳಿಯುತ್ತದೆ. ಎರಡು ಗಂಟೆಗೆ ಮುಗಿದುಹೋಗುವುದೊಂದೇ ಅದರ ಕೊರತೆ. ಅದೂ ಕೊರತೆಯೋ ಗುಣವೋ ಹೇಳಲಾರೆ.

ಭಾರತೀಯರ ಕೊಡುಗೆಯನ್ನು ಬಿಟ್ಟರೆ ವಿಮರ್ಶೆ ಅಪೂರ್ಣವಾದೀತು. ೨೦೦೯ರಲ್ಲಿ ಹೈದರಾಬಾದಿನ ಸಂಸ್ಥೆಯೊಂದು ಪ್ಲೇಸ್ಟೇಷನ್ ೨ಕ್ಕಾಗಿ ಹನುಮಂತನ ಆಟವನ್ನು ರಚಿಸಿತು. ಭಾರತದಲ್ಲಿಯೇ ತಯಾರಾದ ಮೊದಲ ಪ್ಲೇಸ್ಟೇಷನ್ ಆಟವೆಂದು ಅದಕ್ಕೆ ಪ್ರಚಾರ ದೊರೆಯಿತು. ಆರಾಧ್ಯನಾದ ದೇವರನ್ನು ಗುಂಡಿ ಒತ್ತಿ ಕುಣಿಸುವುದು ಸರಿಯಲ್ಲವೆಂದು ವಿದೇಶದ ಹಿಂದೂ ಸಂಘಟನೆಯೊಂದು ಆಕ್ಷೇಪಿಸಿತು. ಪುಣೆಯವರು ೨೦೨೦ರಲ್ಲಿ ತಂದ ರಾಜಿ ಎಂಬ ಆಟದಲ್ಲಿ ಈ ಸಮಸ್ಯೆಗೆ ಜಾಣತನದ ಪರಿಹಾರವಿದೆ. ಅಲ್ಲಿ ದುರ್ಗೆ ಮತ್ತು ವಿಷ್ಣು ಕಥೆ ಹೇಳುವವರು. ನಾವು ನಡೆಸುವುದು ತಮ್ಮನನ್ನು ಹುಡುಕಿ ಹೊರಟ ಸಾಮಾನ್ಯ ಹುಡುಗಿಯೊಬ್ಬಳನ್ನು. ರಾಜಸ್ಥಾನದ ಶೈಲಿಯ ಅರಮನೆಗಳು, ನಮ್ಮ ತೊಗಲು ಗೊಂಬೆಯಾಟವನ್ನು ನೆನಪಿಸುವ ನೆರಳಿನ ಚಿತ್ರಗಳು ಬಹಳ ಸುಂದರ. ಆದರೆ ಕಾಳಗಗಳು ಪುನರುಕ್ತಿಯಾಗುತ್ತವೆ. ಕಥೆ ನಡುವೆಯೇ ಕಡಿದಂತೆ ನಿಲ್ಲುತ್ತದೆ. ಇದಕ್ಕಿಂತ ನನ್ನ ಮನಸ್ಸನ್ನು ತಟ್ಟಿದ್ದು ಕೆನಡಾದಲ್ಲಿ ರಚಿತವಾಗಿ ೨೦೨೩ರಲ್ಲಿ ಬಂದ ವೆಣ್ಬಾ. ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯೊಬ್ಬಳು, ತನ್ನ ತಾಯಿಯ ಮಾಸಿಹೋದ ಅಡುಗೆ ಪುಸ್ತಕವನ್ನು ನೋಡಿ ಅಡುಗೆ ಮಾಡುತ್ತಾಳೆ. ಇಡ್ಲಿಯ ತಟ್ಟೆಗಳನ್ನು ಹಬೆ ಎಲ್ಲೆಡೆ ಹಾಯುವಂತೆ ಜೋಡಿಸುವುದೇ ಅಲ್ಲಿನ ಒಗಟು! ಮಗ ತಾಯಿಯ ಭಾಷೆಯಿಂದ ದೂರವಾಗುವ ನೋವು ಆಟದ ಹುರುಳು. ಬಹಳ ಚಿಕ್ಕದು, ತಪ್ಪು ಮಾಡಿದರೂ ನಷ್ಟವಿಲ್ಲದ್ದರಿಂದ ಆಟವೆನ್ನುವುದಕ್ಕಿಂತ ಕಥೆಯೆನ್ನಬಹುದು. ಆದರೂ ಒಂದು ಮನೆಯ ಅಡುಗೆಮನೆಯನ್ನು ಇಡೀ ಜಗತ್ತು ಕುಳಿತು ಆಡುವಂತೆ ಮಾಡಬಹುದೆಂಬುದನ್ನು ಅದು ತೋರಿಸಿಕೊಟ್ಟಿತು. ಬೆಂಗಳೂರಿನಲ್ಲಿ ಕುಳಿತು ಪರದೇಶದ ಆಟಗಳಿಗೆ ಚಿತ್ರ ಬರೆಯುವ ನಮ್ಮ ಯುವಕರು ಕನ್ನಡದ ಕಥೆಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಲಿ.

ಈಗ ಹಣದ ವಿಚಾರ. ಹಿಂಸೆಯ ದೋಷ ಕಣ್ಣಿಗೆ ಕಾಣುತ್ತದೆ. ಪರಿಗ್ರಹದ ದೋಷ ಕಾಣುವುದಿಲ್ಲ, ಆದ್ದರಿಂದಲೇ ಅದು ಹೆಚ್ಚು ಅಪಾಯಕಾರಿ. ಒಂದು ಹನಿ ರಕ್ತವಿಲ್ಲದ ಫುಟ್‌ಬಾಲ್ ಆಟವನ್ನೇ ನೋಡಿ. ಇಎ ಸಂಸ್ಥೆಯ ಫಿಫಾ ಆಟಗಳಲ್ಲಿ ೨೦೦೯ರಿಂ­ದ ಅಲ್ಟಿಮೇಟ್ ಟೀಮ್ ಎಂಬ ಪದ್ಧತಿ ಬಂದಿತು. ೨೦೨೩ರಿಂದ ಆ ಆಟದ ಹೆಸರು ಬದಲಾಗಿದೆ, ಪದ್ಧತಿ ಉಳಿದಿದೆ. ಆಟವನ್ನು ಪೂರ್ಣ ಬೆಲೆಗೆ ಕೊಂಡ ಮೇಲೂ, ಒಳ್ಳೆಯ ಆಟಗಾರರು ಬೇಕಾದರೆ ಮುಚ್ಚಿದ ಪೊಟ್ಟಣಗಳನ್ನು ಒಡೆಯಬೇಕು. ಅವನ್ನು ಆಡಿ ಗಳಿಸಬಹುದು, ಹಣ ಕೊಟ್ಟೂ ಪಡೆಯಬಹುದು. ಒಳಗೆ ಯಾರಿದ್ದಾರೆಂದು ಒಡೆಯುವವರೆಗೆ ತಿಳಿಯದು. ಮರುವರ್ಷ ಹೊಸ ಆಟ ಬಂದಾಗ ಹಳೆಯ ತಂಡ ಅದಕ್ಕೆ ಬರುವುದಿಲ್ಲ. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ವರ್ಷಾಂತ್ಯಕ್ಕೆ ದಾಸ್ತಾನಿನ ಬೆಲೆ ಸೊನ್ನೆ. ಪೇಟೆಯಲ್ಲಿ ನಾವು ಗಿರಾಕಿಗೆ ಬಟ್ಟೆಯನ್ನು ಬಿಚ್ಚಿ, ಹಾಸಿ, ಬೆಳಕಿಗೆ ಹಿಡಿದು ತೋರಿಸಿ ಮಾರುತ್ತೇವೆ. ಕಟ್ಟು ಬಿಚ್ಚದೆ ಹಣ ಎಣಿಸು ಎನ್ನುವ ಅಂಗಡಿಗೆ ಎರಡನೆಯ ಸಲ ಯಾರು ಬರುತ್ತಾರೆ? ಇಲ್ಲಿ ಮಕ್ಕಳು ಬರುತ್ತಾರೆ. ಕಾರಣ, ಅವರು ಕೊಳ್ಳುತ್ತಿರುವುದು ವಸ್ತುವನ್ನಲ್ಲ, ಒಡೆಯುವ ಕ್ಷಣದ ಉದ್ವೇಗವನ್ನು. ಅದಕ್ಕೆ ನಮ್ಮಲ್ಲಿರುವ ಹೆಸರು ಜೂಜು, ಸಪ್ತವ್ಯಸನಗಳಲ್ಲಿ ಮೊದಲನೆಯದು.

ಬೆಲ್ಜಿಯಂ ದೇಶದ ಅಧಿಕಾರಿಗಳು ೨೦೧೮ರಲ್ಲಿ ಇಂಥ ಪೊಟ್ಟಣಗಳನ್ನು ಜೂಜೆಂದು ತೀರ್ಮಾನಿಸಿದರು. ಮರುವರ್ಷದ ಆರಂಭದಲ್ಲಿ ಇಎ ಸಂಸ್ಥೆ ಆ ದೇಶದಲ್ಲಿ ಅವುಗಳಿಗೆ ಬೇಕಾದ ಅಂಕಗಳ ಮಾರಾಟವನ್ನು ನಿಲ್ಲಿಸಿತು. ಕರ್ನಾಟಕ ಸರ್ಕಾರ ೨೦೨೧ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. ೨೦೨೨ರ ಫೆಬ್ರುವರಿಯಲ್ಲಿ ಉಚ್ಚ ನ್ಯಾಯಾಲಯ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಹಣವನ್ನು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕಾಯಿದೆಯ ಕಣ್ಣು ಹಣ ಹಾಕಿ ಹಣ ಗೆಲ್ಲುವ ಆಟದ ಮೇಲಿದೆ. ಹಣ ಹಾಕಿ ಹಣ ಗೆಲ್ಲದ, ಆದರೆ ಆಸೆಯನ್ನು ಮಾತ್ರ ಬೆಳೆಸುವ ಪೊಟ್ಟಣವನ್ನು ಗಮನಿಸಬೇಕಾದದ್ದು ಮನೆಯ ಯಜಮಾನನ ಕಣ್ಣು.

ಕಾಲದ ವಿಚಾರವೂ ಇದರ ಅಂಗವೇ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ೨೦೨೨ರಿಂದ ಆಟದ ಗೀಳಿಗೂ ಸ್ಥಾನ ದೊರೆತಿದೆ. ಇಲ್ಲಿಯೂ ಆಟದಿಂದ ಆಟಕ್ಕೆ ಭೇದವಿದೆ. ಕಾಂಟ್ರಾದಲ್ಲಿ ಅರ್ಧಕ್ಕೆ ಎದ್ದರೆ ಎಲ್ಲವೂ ಮೊದಲಿನಿಂದ. ಆದ್ದರಿಂದ ಊಟಕ್ಕೆ ಕರೆದರೂ ಮಕ್ಕಳು ಏಳುತ್ತಿರಲಿಲ್ಲ. ಇಂದಿನ ಕಥಾಪ್ರಧಾನ ಆಟಗಳನ್ನು ಬಹುಮಟ್ಟಿಗೆ ಬೇಕಾದಲ್ಲಿ ನಿಲ್ಲಿಸಿ, ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಇದು ದೊಡ್ಡ ಸುಧಾರಣೆ. ಆದರೆ ಆನ್‌ಲೈನ್ ಪಂದ್ಯವನ್ನು ನಡುವೆ ಬಿಟ್ಟು ಏಳುವಂತಿಲ್ಲ. ಅದಕ್ಕೆ ಮುಕ್ತಾಯವೆಂಬುದೂ ಇಲ್ಲ. ನಮ್ಮಲ್ಲಿ ಸಾಮಾಯಿಕಕ್ಕೆ ಒಂದು ಮುಹೂರ್ತ, ಅಂದರೆ ನಲವತ್ತೆಂಟು ನಿಮಿಷಗಳ ಅವಧಿಯನ್ನು ಹಿರಿಯರು ಗೊತ್ತುಮಾಡಿದ್ದಾರೆ. ಒಂದೇ ವಿಷಯದಲ್ಲಿ ಮನಸ್ಸು ನಿಲ್ಲುವ ಮಿತಿಯನ್ನು ಬಲ್ಲವರ ಲೆಕ್ಕ ಅದು. ನಮ್ಮ ಮನೆಯಲ್ಲಿ ಆಟಕ್ಕೂ ಅದೇ ಅವಧಿ; ನನಗೂ, ಮೊಮ್ಮಗನಿಗೂ. ಹರಿಹರದ ಬಂಧುಗಳ ಮನೆಯಲ್ಲಿಯೂ ಇದೇ ಪದ್ಧತಿ ನಡೆದುಬಂದಿದೆ. ಜಗಳ ಪೂರ್ತಿ ನಿಂತಿದೆಯೆಂದು ಹೇಳಲಾರೆ, ಕಡಿಮೆಯಾಗಿರುವುದು ನಿಜ.

ಇಷ್ಟನ್ನು ಹೇಳಿದ ಮೇಲೆ ವಾಚಕರಲ್ಲಿ, ವಿಶೇಷವಾಗಿ ಮೊಮ್ಮಕ್ಕಳಿರುವ ಹಿರಿಯರಲ್ಲಿ ನನ್ನದೊಂದು ವಿನಂತಿ. ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಹುಡುಗ ಪಕ್ಕದ ಮನೆಯಲ್ಲಿ ಆಡುತ್ತಾನೆ. ಅಲ್ಲಿ ಅವನು ಏನು ಆಡುತ್ತಾನೆಂಬುದು ನಮಗೆ ತಿಳಿಯುವುದೂ ಇಲ್ಲ. ಅದರ ಬದಲು ಪಕ್ಕದಲ್ಲಿ ಕುಳಿತು ನೋಡೋಣ. ಸಾಧ್ಯವಾದರೆ ಎರಡನೆಯ ರಿಮೋಟನ್ನು ಕೈಗೆ ತೆಗೆದುಕೊಳ್ಳೋಣ. ಈ ಆಟದಲ್ಲಿ ಗೆಲುವೆಂದು ಕರೆಯುವುದು ಯಾವುದನ್ನು, ಕೊಲ್ಲದೆ ಬಿಡಲು ಇಲ್ಲಿ ದಾರಿಯಿದೆಯೇ, ಮಾಡಿದ್ದನ್ನು ಆಟ ನೆನಪಿಡುತ್ತದೆಯೇ, ಕೊಂಡ ಮೇಲೂ ಕೊಳ್ಳುತ್ತಿರಬೇಕೇ ಎಂದು ಕೇಳೋಣ. ಹುಡುಗ ಉತ್ತರಿಸಲು ಯೋಚಿಸಿದನೆಂದರೆ ವಿಮರ್ಶೆ ಆರಂಭವಾಯಿತು. ವಿಮರ್ಶೆ ಆರಂಭವಾದಲ್ಲಿ ಪ್ರಮಾದ ಅಷ್ಟರಮಟ್ಟಿಗೆ ಹಿಂದೆ ಸರಿಯಿತು. ಯಶೋಧರನ ಬಳಿ ಅಂದು ಯಾರಾದರೂ ಕುಳಿತು, ಈ ಹಿಟ್ಟಿನ ಮೇಲೆ ಕತ್ತಿ ಎತ್ತುವಾಗ ನಿನ್ನ ಮನಸ್ಸು ಯಾರನ್ನು ಕೊಲ್ಲುತ್ತಿದೆ ಎಂದು ಕೇಳಿದ್ದರೆ ಅವನ ಭವಾವಳಿ ಅಷ್ಟು ದೀರ್ಘವಾಗುತ್ತಿರಲಿಲ್ಲ. ಅಂದು ಕೇಳುವವರಿರಲಿಲ್ಲ, ಇಂದು ನಮ್ಮ ಮನೆಗಳಲ್ಲಿ ನಾವಿದ್ದೇವೆ.